ನಿಮಗಿದು ಗೊತ್ತೆ? ಸಾಲ ಬಂತು, ಕೈಸಾಲ ಕುಗ್ಗಿತು!

ಹಳ್ಳಿಗೆ ಮೈಕ್ರೋಫೈನಾನ್ಸ್ ಕಾಲಿಟ್ಟರೆ, ಅದರ ಗೋಜಿಗೇ ಹೋಗದಂಥ ಮನೆಗಳ ನಡುವಿನ ಕೊಡು-ಕೊಳ್ಳುವಿಕೆಯೂ ಕಡಿಮೆಯಾಗುತ್ತದೆ! ಇದು ಬೆಳಕಿಗೆ ಬಂದದ್ದು ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ.

ರಾಜ್ಯದ 75 ಹಳ್ಳಿಗಳಲ್ಲಿ ಸಮೀಕ್ಷೆ ನಡೆಯಿತು. ಅಕ್ಕಿ, ಸೀಮೆಎಣ್ಣೆ ತೀರಿದರೆ ಯಾರ ಮನೆಗೆ ಹೋಗುತ್ತೀರಿ? ತುರ್ತಿಗೆ ಹಣ ಯಾರಲ್ಲಿ ಕೇಳುತ್ತೀರಿ? ಸಲಹೆ ಕೊಡುವವರು ಯಾರು? ಹೀಗೆ ಕೇಳುತ್ತಾ ಮನೆಮನೆಯ ನಂಟನ್ನು ದಾಖಲಿಸಲಾಯಿತು. ಮುಂದೆ 43 ಹಳ್ಳಿಗಳಿಗೆ ಮೈಕ್ರೋಫೈನಾನ್ಸ್ ಬಂತು, 32ಕ್ಕೆ ಬರಲಿಲ್ಲ. 2012ರಲ್ಲಿ ಮತ್ತೆ ಅವೇ ಪ್ರಶ್ನೆ ಕೇಳಿದಾಗ, ಸಾಲ ಬಂದ ಊರುಗಳಲ್ಲಿ ನಂಟಿನ ಎಳೆಗಳು ಹೆಚ್ಚು ಕಡಿದಿದ್ದವು. ಸಾಲ ಪಡೆಯುವ ಸಾಧ್ಯತೆ ತೀರಾ ಕಡಿಮೆಯಿದ್ದ ಮನೆಗಳಿಗೂ ಈ ನಷ್ಟ ತಪ್ಪಲಿಲ್ಲ.

ಕಾರಣವೇನು? ಅಗತ್ಯವಿದ್ದಾಗ ನಾಲ್ಕು ಮನೆಗೆ ಹೋಗಿ ಬರುವುದರಿಂದಲೇ ಒಡನಾಟ ಬೆಳೆಯುತ್ತದೆ. ವಾರದ ಕಂತಿನ ಸಾಲ ಸಿಕ್ಕವರು ನೆರೆಹೊರೆಯಲ್ಲಿ ಕೇಳುವುದು ಕಡಿಮೆಯಾಯಿತು. ಓಡಾಟ ತಗ್ಗಿದಂತೆ ಉಳಿದವರಿಗೂ ಪರಸ್ಪರ ಭೇಟಿಯ ಅವಕಾಶ ಕಡಿಮೆಯಾಯಿತು ಎಂಬುದು ಸಂಶೋಧಕರ ವಿವರಣೆ. ಈ ತಂಡದಲ್ಲಿ 2019ರ ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು.

ಬಡವರಿಗೆ ಸಾಲ ಸಿಗಲೇಬೇಕು. ಆದರೆ ಬಡ್ಡಿಯಿಲ್ಲದ ಕೈಸಾಲವೇ ಕಷ್ಟಕಾಲದ ಆಸರೆಯಾಗಿರುವ ಮನೆಗಳು ಪ್ರತಿ ಊರಿನಲ್ಲೂ ಇವೆ. ಸಾಲ ಯೋಜನೆ ರೂಪಿಸುವವರು ಅವರನ್ನು ಮರೆಯಬಾರದು.