ದ್ವೀಪಗಳ ಜೀವನಾಡಿ: ಮೆಡಿಟರೇನಿಯನ್ ಸಮುದ್ರದ ಕಾರ್ ಫೆರಿಗಳು

ಅಥೆನ್ಸ್ ಮಹಾನಗರಕ್ಕೆ ಹೊಂದಿಕೊಂಡಿರುವ ಪಿರೇಯಸ್ ಬಂದರಿನಲ್ಲಿ ಬೇಸಿಗೆಯ ಮುಂಜಾನೆ ಕಾಣುವ ದೃಶ್ಯ ವಾಣಿಜ್ಯಾಸಕ್ತರಿಗೆ ಒಂದು ಪಾಠವೇ ಸರಿ. ದಡಕ್ಕೆ ಬೆನ್ನು ಮಾಡಿ ನಿಂತ ಹಡಗಿನ ಹಿಂಬಾಗಿಲು ಸೇತುವೆಯಂತೆ ಕೆಳಗಿಳಿದಿರುತ್ತದೆ. ಅದರ ಮೂಲಕ ಪ್ರವಾಸಿಗರ ಕಾರುಗಳಷ್ಟೇ ಅಲ್ಲ, ತರಕಾರಿ, ಔಷಧಿ, ಸಿಮೆಂಟು, ಪೀಠೋಪಕರಣಗಳನ್ನು ಹೊತ್ತ ಲಾರಿಗಳೂ ಒಂದರ ಹಿಂದೊಂದು ಒಳಸೇರುತ್ತವೆ. ಕೆಲವು ಗಂಟೆಗಳ ಬಳಿಕ ಪಾರೋಸ್, ನಾಕ್ಸೋಸ್, ಅಮೋರ್ಗೋಸ್ ಮೊದಲಾದ ದ್ವೀಪಗಳಲ್ಲಿ ಅದೇ ಬಾಗಿಲು ಮತ್ತೆ ತೆರೆಯುತ್ತದೆ. ಪ್ರವಾಸಿಗೆ ಇದೊಂದು ಆಹ್ಲಾದಕರ ಯಾನ. ದ್ವೀಪದ ಅಂಗಡಿಕಾರನಿಗೆ ಮಾತ್ರ ಇದು ಬದುಕಿನ ಪ್ರಶ್ನೆ.

ವ್ಯವಸ್ಥೆಯ ಸ್ವರೂಪ

ಸರಕನ್ನು ಕ್ರೇನಿನಿಂದ ಎತ್ತಿ ಇಳಿಸುವ ಬದಲು ವಾಹನಗಳೇ ಚಲಿಸಿ ಹಡಗನ್ನು ಏರಿ ಇಳಿಯುವ ಈ ಪದ್ಧತಿಗೆ 'ರೋ-ರೋ' ಎಂದು ಹೆಸರು. ಸಣ್ಣ ದ್ವೀಪಗಳಿಗೆ ಇದು ವರದಾನವಾಗಿ ಪರಿಣಮಿಸಿತು. ದೊಡ್ಡ ಕ್ರೇನುಗಳಾಗಲಿ, ವಿಶಾಲ ಗೋದಾಮುಗಳಾಗಲಿ ಇಲ್ಲದ ಊರಿನಲ್ಲಿಯೂ ಒಂದು ಗಟ್ಟಿಯಾದ ಕಟ್ಟೆ ಹಾಗೂ ಸಾಕಷ್ಟು ಆಳದ ನೀರಿದ್ದರೆ ಹಡಗು ಬಂದು ನಿಲ್ಲಬಲ್ಲದು. ಗ್ರೀಸಿನ ಸಣ್ಣ ಬಂದರುಗಳಲ್ಲಿ ಹಡಗು ಲಂಗರು ಬಿಟ್ಟು ಹಿಮ್ಮುಖವಾಗಿ ಕಟ್ಟೆಗೆ ಸರಿದು, ಕೆಲವೇ ನಿಮಿಷಗಳಲ್ಲಿ ವಾಹನಗಳನ್ನು ಇಳಿಸಿ, ಕಾದಿರುವವುಗಳನ್ನು ಹತ್ತಿಸಿಕೊಂಡು ಹೊರಟುಬಿಡುತ್ತದೆ.

ಗ್ರೀಸಿನಲ್ಲಿ ದೊಡ್ಡವು ಚಿಕ್ಕವು ಸೇರಿ ಸುಮಾರು 6,000 ದ್ವೀಪಗಳಿವೆ. ಜನವಸತಿ ಇರುವುದು 227ರಲ್ಲಿ ಮಾತ್ರ. ಅವುಗಳಲ್ಲಿ ಬಹುಪಾಲು ದ್ವೀಪಗಳಿಗೆ ವಿಮಾನ ನಿಲ್ದಾಣವಿಲ್ಲ. ಆದುದರಿಂದ ಹಡಗಿನ ವೇಳಾಪಟ್ಟಿಯೇ ಅಲ್ಲಿನ ಆರ್ಥಿಕತೆಯ ವೇಳಾಪಟ್ಟಿ.

ಚಳಿಗಾಲದ ಹಡಗಿನ ವೆಚ್ಚ ಯಾರದು?

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹಡಗುಗಳು ತುಂಬಿ ತುಳುಕುತ್ತವೆ. ಜನವರಿಯಲ್ಲಿ ಅದೇ ಹಡಗಿನಲ್ಲಿ ಬೆರಳೆಣಿಕೆಯ ಕಾರುಗಳು, ಒಂದೆರಡು ಲಾರಿಗಳು ಇದ್ದರೆ ಹೆಚ್ಚು. ಇಂಧನ, ಸಿಬ್ಬಂದಿಯ ವೇತನ, ಬಂದರು ಶುಲ್ಕಗಳು ಮಾತ್ರ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ. ಬರೀ ಲಾಭದ ಲೆಕ್ಕ ಹಿಡಿದರೆ ಚಿಕ್ಕ ದ್ವೀಪಗಳಿಗೆ ಚಳಿಗಾಲದಲ್ಲಿ ಹಡಗೇ ಹೋಗಲಾರದು. ಹಡಗು ನಿಂತರೆ ಶಾಲೆಯ ಶಿಕ್ಷಕ, ಆಸ್ಪತ್ರೆಯ ವೈದ್ಯ, ಕೊನೆಗೆ ಯುವಜನರೂ ದ್ವೀಪವನ್ನು ತೊರೆಯುತ್ತಾರೆ.

ಈ ಸಮಸ್ಯೆಗೆ ಬೇರೆ ಬೇರೆ ದೇಶಗಳು ಬೇರೆ ಬೇರೆ ಪರಿಹಾರ ಕಂಡುಕೊಂಡಿವೆ. ಗ್ರೀಸಿನಲ್ಲಿ ಸೇವೆ ಬಹುತೇಕ ಖಾಸಗಿ ಕಂಪನಿಗಳ ಕೈಯಲ್ಲಿದೆ. ಯುರೋಪಿಯನ್ ಸಮುದಾಯದ 1992ರ ನಿಯಮಾವಳಿ ಕರಾವಳಿ ನೌಕಾಸಂಚಾರವನ್ನು ಸ್ಪರ್ಧೆಗೆ ತೆರೆಯಿತಾದರೂ ದ್ವೀಪಗಳಿಗಾಗಿ ಸಾರ್ವಜನಿಕ ಸೇವಾ ಒಪ್ಪಂದ ಮಾಡಿಕೊಳ್ಳುವ ಅಧಿಕಾರವನ್ನು ಸರ್ಕಾರಗಳಿಗೆ ಉಳಿಸಿತು. 2001ರ ಕಾನೂನಿನ ಮೂಲಕ ಗ್ರೀಸ್ ತನ್ನ ಮಾರುಕಟ್ಟೆಯನ್ನು ಮುಕ್ತಗೊಳಿಸಿತು. ಲಾಭವಿಲ್ಲದ ಮಾರ್ಗಗಳನ್ನು ಅಲ್ಲಿ 'ಬಂಜರು ಮಾರ್ಗ'ಗಳೆಂದೇ ಕರೆಯುತ್ತಾರೆ. ಅವುಗಳಿಗೆ ಸರ್ಕಾರ ಟೆಂಡರ್ ಕರೆದು ಸಹಾಯಧನ ನೀಡುತ್ತದೆ. 2018ರಲ್ಲಿ ಇನ್ನೊಂದು ಹೆಜ್ಜೆ ಇಡಲಾಯಿತು. ಅಷ್ಟೇ ದೂರವನ್ನು ನೆಲದ ಮೇಲೆ ಕ್ರಮಿಸಲು ತಗಲುವ ವೆಚ್ಚಕ್ಕೂ ಸಮುದ್ರಯಾನದ ವೆಚ್ಚಕ್ಕೂ ಇರುವ ವ್ಯತ್ಯಾಸವನ್ನು ದ್ವೀಪವಾಸಿಗಳಿಗೂ ಅಲ್ಲಿನ ಉದ್ಯಮಗಳಿಗೂ ತುಂಬಿಕೊಡುವ 'ಸಾರಿಗೆ ಸಮಾನತೆ' ಯೋಜನೆ ಅದು. ದ್ವೀಪದಲ್ಲಿ ಹುಟ್ಟಿದ್ದೇ ಒಂದು ದಂಡವಾಗಬಾರದೆಂಬುದು ಅದರ ಆಶಯ.

ಕ್ರೊಯೇಷಿಯಾದ ಹಾದಿ ಬೇರೆ. 1947ರಲ್ಲಿ ಸ್ಥಾಪನೆಗೊಂಡ, ರಿಯೆಕಾ ನಗರದಲ್ಲಿ ಪ್ರಧಾನ ಕಚೇರಿಯುಳ್ಳ ಸರ್ಕಾರಿ ಸಂಸ್ಥೆ ಯಾದ್ರೊಲಿನಿಯಾ ಅಲ್ಲಿನ ದ್ವೀಪ ಸಂಚಾರದ ಬೆನ್ನೆಲುಬು. ಮಾಲ್ಟಾ ದೇಶದಲ್ಲಿ ಸುಮಾರು 67 ಚದರ ಕಿಲೋಮೀಟರ್ ವಿಸ್ತೀರ್ಣದ ಗೋಜೋ ದ್ವೀಪಕ್ಕೆ ಚಿರ್ಕೆವ್ವಾ ಕಟ್ಟೆಯಿಂದ ಫೆರಿಯಲ್ಲಿ ಸುಮಾರು 25 ನಿಮಿಷಗಳ ಪಯಣ. ಹೋಗುವಾಗ ಅಲ್ಲಿ ಯಾರೂ ಟಿಕೆಟ್ ಕೇಳುವುದಿಲ್ಲ. ಮರಳುವಾಗ ಮಾತ್ರ ಹಣ ತೆರಬೇಕು. ಬಂದವರು ಹೇಗೂ ಹಿಂತಿರುಗಲೇಬೇಕೆಂಬ ಸರಳ ಲೆಕ್ಕಾಚಾರ ಇದರ ಹಿಂದಿದೆ. ಗೋಜೋ ನಿವಾಸಿಗಳಿಗೆ ದರದಲ್ಲಿ ದೊಡ್ಡ ರಿಯಾಯಿತಿಯುಂಟು.

ಸುರಕ್ಷತೆಯ ಬೆಲೆ

ವಾಹನಗಳು ಸಲೀಸಾಗಿ ಚಲಿಸಲೆಂದು ರೋ-ರೋ ಹಡಗಿನ ವಾಹನ ಅಂತಸ್ತನ್ನು ಅಡ್ಡಗೋಡೆಗಳಿಲ್ಲದ ವಿಶಾಲ ಸಭಾಂಗಣದಂತೆ ಕಟ್ಟಲಾಗುತ್ತದೆ. ಅನುಕೂಲವೂ ಅದೇ, ಅಪಾಯವೂ ಅದೇ. ಅಲ್ಲಿಗೆ ನುಗ್ಗಿದ ನೀರು ತಡೆಯಿಲ್ಲದೆ ಒಂದು ಬದಿಗೆ ಹರಿದರೆ ಹಡಗು ಸಮತೋಲ ಕಳೆದುಕೊಳ್ಳುತ್ತದೆ.

2000ದ ಸೆಪ್ಟೆಂಬರ್ 26ರ ರಾತ್ರಿ ಪಾರೋಸ್ ದ್ವೀಪದ ಬಳಿ 'ಎಕ್ಸ್‌ಪ್ರೆಸ್ ಸಮೀನಾ' ಎಂಬ ಫೆರಿ ಸಮುದ್ರದಲ್ಲಿ ಎದ್ದು ನಿಂತ ಬಂಡೆಗಳಿಗೆ ಬಡಿದು ಮುಳುಗಿತು. 80ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 1966ರಲ್ಲಿ ನಿರ್ಮಾಣವಾಗಿದ್ದ ಆ ಹಡಗಿನೊಳಗಿನ ಜಲನಿರೋಧಕ ಬಾಗಿಲುಗಳು ಮುಚ್ಚಿರಲಿಲ್ಲ. ಹೀಗಾಗಿ ನೀರು ಒಂದು ಕೋಣೆಯಿಂದ ಇನ್ನೊಂದಕ್ಕೆ ತ್ವರಿತವಾಗಿ ಹಬ್ಬಿತು. ಹಾನಿಗೊಂಡ ರೋ-ರೋ ಪ್ರಯಾಣಿಕ ಹಡಗುಗಳೂ ಸ್ಥಿರವಾಗಿ ತೇಲುವಂತಿರಬೇಕೆಂಬ ವಿಶೇಷ ನಿಯಮಗಳನ್ನು ಯುರೋಪಿಯನ್ ಒಕ್ಕೂಟ 2003ರಲ್ಲಿ ದಕ್ಷಿಣದ ಸಮುದ್ರಗಳಿಗೂ ಅನ್ವಯಿಸುವ ನಿರ್ದೇಶನ ಹೊರಡಿಸಿತು.

ಇತ್ತೀಚಿನ ವರ್ಷಗಳಲ್ಲಿ ಪರಿಸರ ನಿಯಮಗಳ ಹೊರೆಯೂ ಸೇರಿದೆ. 2025ರ ಮೇ 1ರಿಂದ ಮೆಡಿಟರೇನಿಯನ್ ಸಮುದ್ರದಲ್ಲಿ ಹಡಗಿನ ಇಂಧನದ ಗಂಧಕದ ಪ್ರಮಾಣ ಶೇ. 0.10ರ ಮಿತಿಯನ್ನು ಮೀರುವಂತಿಲ್ಲ. 2024ರಿಂದ ದೊಡ್ಡ ಹಡಗುಗಳು ಯುರೋಪಿನ ಇಂಗಾಲ ಹೊರಸೂಸುವಿಕೆ ವ್ಯಾಪಾರ ವ್ಯವಸ್ಥೆಗೆ ಒಳಪಟ್ಟಿವೆ. ಆದರೆ ರಸ್ತೆ ಅಥವಾ ರೈಲು ಸಂಪರ್ಕವಿಲ್ಲದ, 2 ಲಕ್ಷಕ್ಕಿಂತ ಕಡಿಮೆ ನಿವಾಸಿಗಳಿರುವ ದ್ವೀಪಗಳ ಫೆರಿಗಳಿಗೆ, ಆಯಾ ದೇಶ ಕೋರಿದಲ್ಲಿ, 2030ರ ಅಂತ್ಯದವರೆಗೆ ವಿನಾಯಿತಿ ದೊರೆಯುತ್ತದೆ. ಶುದ್ಧ ಗಾಳಿಯ ಬೆಲೆಯನ್ನು ದ್ವೀಪದ ಬಡ ಗ್ರಾಹಕನ ಮೇಲೆ ಹೊರಿಸಬಾರದೆಂಬ ವಿವೇಕ ಇಲ್ಲಿ ಕಾಣುತ್ತದೆ. ಅವಧಿ ಮುಗಿದ ಮೇಲೆ ಆ ಬೆಲೆಯನ್ನು ಯಾರು ತೆರುವರೆಂಬುದು ಮುಂದಿನ ಪ್ರಶ್ನೆ.

ಪ್ರಯಾಣಿಕರ ಗಮನಕ್ಕೆ

ವ್ಯವಹಾರಕ್ಕಾಗಲಿ ವಿಹಾರಕ್ಕಾಗಲಿ ಈ ಭಾಗಕ್ಕೆ ತೆರಳುವವರು ಕೆಲವು ಸಂಗತಿಗಳನ್ನು ತಿಳಿದಿರುವುದು ಒಳಿತು. ವಾಹನದ ದರ ಸಾಮಾನ್ಯವಾಗಿ ಅದರ ವರ್ಗ ಮತ್ತು ಉದ್ದವನ್ನು ಅವಲಂಬಿಸಿರುತ್ತದೆ. ಬಾಡಿಗೆ ಕಾರನ್ನು ಹಡಗಿನಲ್ಲಿ ಒಯ್ಯುವ ಮುನ್ನ ಕಾರಿನ ಕಂಪನಿಯಿಂದ ಲಿಖಿತ ಅನುಮತಿ ಪಡೆಯಬೇಕು. ಇಲ್ಲವಾದಲ್ಲಿ ವಿಮೆಯ ರಕ್ಷಣೆ ತಪ್ಪಿಹೋಗಬಹುದು. ಭಾರತೀಯ ಚಾಲಕರು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಇಲ್ಲಿಂದಲೇ ಪಡೆದು ಹೊರಡಬೇಕು. ಹಡಗಿನೊಳಗೆ ಹ್ಯಾಂಡ್‌ಬ್ರೇಕ್ ಎಳೆದು, ಕಾರನ್ನು ಗೇರಿನಲ್ಲಿಟ್ಟು ಮೇಲಿನ ಅಂತಸ್ತಿಗೆ ಹೋಗಬೇಕು. ಪಯಣದ ವೇಳೆ ವಾಹನದಲ್ಲಿ ಕುಳಿತಿರುವಂತಿಲ್ಲ.

ಏಜಿಯನ್ ಸಮುದ್ರದಲ್ಲಿ ಬೇಸಿಗೆಯುದ್ದಕ್ಕೂ 'ಮೆಲ್ತೆಮಿ' ಎಂಬ ಉತ್ತರದ ಗಾಳಿ ಬೀಸುತ್ತದೆ. ಅದು ಬಲವಾದಾಗ ಬಂದರು ಅಧಿಕಾರಿಗಳು ಹಡಗುಗಳನ್ನು ತಡೆಹಿಡಿಯುತ್ತಾರೆ. ಆದ್ದರಿಂದ ದ್ವೀಪದಿಂದ ಮರಳಿದ ದಿನವೇ ಸ್ವದೇಶದ ವಿಮಾನ ಏರುವ ಯೋಜನೆ ಹಾಕಿಕೊಳ್ಳದೆ ನಡುವೆ ಒಂದು ದಿನ ಬಿಟ್ಟುಕೊಳ್ಳುವುದು ಜಾಣತನ.

ನಮ್ಮ ನೀರಿನಲ್ಲಿ

ಕನ್ನಡಿಗರಿಗೆ ಈ ಅನುಭವ ತೀರ ಅಪರಿಚಿತವೇನಲ್ಲ. ಲಿಂಗನಮಕ್ಕಿ ಜಲಾಶಯದ ಹಿನ್ನೀರಿನಿಂದ ಸಾಗರದ ನೇರ ದಾರಿ ಕಡಿದುಕೊಂಡ ತುಮರಿ, ಸಿಗಂದೂರು ಭಾಗದ ಜನ ದಶಕಗಳ ಕಾಲ ಕಾರು, ಬಸ್ಸುಗಳ ಸಮೇತ ಲಾಂಚ್‌ನಲ್ಲೇ ಶರಾವತಿಯನ್ನು ದಾಟಿದವರು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ರೋಗಿಯೂ ಬೆಳಗಿನವರೆಗೆ ಕಾಯಬೇಕಾದ ಸಂಕಟವನ್ನು ಅವರು ಬಲ್ಲರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಗೊಂಡು ಆ ಸಂಕಟ ನೀಗಿತು.

ಮೆಡಿಟರೇನಿಯನ್ನಿನ ದೂರದ ದ್ವೀಪಗಳಿಗೆ ಸೇತುವೆ ಕಟ್ಟಲು ಸಾಧ್ಯವಿಲ್ಲ. ಅಲ್ಲಿ ಹಡಗೇ ರಸ್ತೆ. ರಸ್ತೆಯ ಬೆಲೆಯನ್ನು ಅದರ ಮೇಲೆ ಓಡಿದ ವಾಹನಗಳ ಸಂಖ್ಯೆಯಿಂದಷ್ಟೇ ಅಳೆಯಲಾಗದು. ಅದರ ಕೊನೆಯಲ್ಲಿ ಬಾಳುವ ಊರೂ ಆ ಲೆಕ್ಕಕ್ಕೆ ಸೇರಬೇಕು.