ಮೇ ತಿಂಗಳ ಫಾರಿನ್ ಟ್ರಿಪ್ ನವೆಂಬರ್‌ನಲ್ಲೇ ಶುರುವಾಗೋದು ಯಾಕೆ?

ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಿ ಅಂದ್ಕೊಳ್ತೀನಿ. ಇವತ್ತಿನ ವಿಷಯ, ಮನೆಮಂದಿಯನ್ನೆಲ್ಲ ಕರ್ಕೊಂಡು ವಿದೇಶಕ್ಕೆ ಹೋಗೋದು. ಎಲ್ಲಿಗೆ ಹೋಗಬೇಕು, ಏನು ನೋಡಬೇಕು, ಎಲ್ಲಿ ಫೋಟೊ ತೆಗೀಬೇಕು ಅನ್ನೋದಕ್ಕೆ ಸಾವಿರ ರೀಲ್ಸ್ ಇವೆ. ನಾನು ಮಾತಾಡೋಕೆ ಹೊರಟಿರೋದು ಸ್ವಲ್ಪ ಬೋರಿಂಗ್ ಅನ್ನಿಸೋ ಪ್ರಶ್ನೆ ಬಗ್ಗೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ?

ಈ ಪ್ರಶ್ನೆಯೇ ನನ್ನ ಹೊಟ್ಟೆಪಾಡು. ಕಟ್ಟಡ ಕಟ್ಟೋ ಕಂಪನಿಯಲ್ಲಿ ಶೆಡ್ಯೂಲ್ ಬರೆಯೋದು ನನ್ನ ಕೆಲಸ. ಮುಂದಿನ ಬೇಸಿಗೆ ರಜೆಗೆ ನಾವು ಐದು ಜನ ಸ್ವಿಟ್ಜರ್ಲೆಂಡ್‌ಗೆ ಹೋಗೋಣ ಅಂತ ಇದ್ದೀವಿ. ಅಪ್ಪ, ಅಮ್ಮ, ನಾನು, ಹೆಂಡತಿ, ಎಂಟು ವರ್ಷದ ಮಗಳು. ಅಪ್ಪ ರೈಲ್ವೆಯಲ್ಲಿ ದುಡಿದು ರಿಟೈರ್ ಆದವರು, ಈಗ ಅಮ್ಮನ ಜೊತೆ ಅರಸೀಕೆರೆಯಲ್ಲಿದ್ದಾರೆ. ಅವರಿಗೆ ಒಂದೇ ಆಸೆ, ಯುಂಗ್‌ಫ್ರಾವ್‌ಯೋಖ್‌ಗೆ ಹತ್ತೋ ರೈಲಲ್ಲಿ ಕೂರಬೇಕು. 1912ರಲ್ಲಿ ಶುರುವಾದ ಲೈನ್ ಅದು. ಬೆಟ್ಟದ ಹೊಟ್ಟೆಯೊಳಗೆ ಸುರಂಗ ಕೊರೆದು 3,454 ಮೀಟರ್ ಎತ್ತರಕ್ಕೆ ರೈಲು ಹತ್ತಿಸಿದ್ದಾರೆ, ಯುರೋಪಿನ ಅತಿ ಎತ್ತರದ ರೈಲ್ವೆ ಸ್ಟೇಷನ್. ಅಪ್ಪನ ಮೊಣಕಾಲು ವರ್ಷದಿಂದ ವರ್ಷಕ್ಕೆ ಬಿಗೀತಾ ಇದೆ. ಈ ಸಲ ತಪ್ಪಿದ್ರೆ ಮುಂದಿನ ವರ್ಷ ನೋಡೋಣ ಅನ್ನೋ ಮಾತು ನಮ್ಮ ಮನೇಲಿ ಅಷ್ಟು ಸುಲಭ ಅಲ್ಲ.

ಸರಿ, ವಿಷಯಕ್ಕೆ ಬರೋಣ. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಎರಡು ವಿಧಾನ ಹುಟ್ಟಿದವು. ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ ಸೇರಿ ಮಾಡಿದ್ದು ಕ್ರಿಟಿಕಲ್ ಪಾತ್. ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಮಾಡಿಸಿದ್ದು ಪರ್ಟ್. ಹೆಸರು ದೊಡ್ಡದು, ಆದ್ರೆ ಒಳಗಿರೋದು ಮದುವೆ ಮನೆ ಲೆಕ್ಕ. ಛತ್ರದ ಡೇಟ್ ಸಿಗದೆ ಲಗ್ನಪತ್ರಿಕೆ ಪ್ರಿಂಟ್‌ಗೆ ಕೊಡಲ್ಲ, ಪತ್ರಿಕೆ ಬಾರದೆ ಊರೂರು ಸುತ್ತೋಕೆ ಹೊರಡಲ್ಲ. ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬರೋ ಕೆಲಸಗಳಲ್ಲಿ ಅತಿ ಉದ್ದದ ಸರಪಳಿ ಯಾವುದೋ ಅದೇ ಕ್ರಿಟಿಕಲ್ ಪಾತ್. ಅಲ್ಲಿ ಒಂದು ದಿನ ತಡ ಆದ್ರೆ ಇಡೀ ಪ್ರಾಜೆಕ್ಟ್ ಒಂದು ದಿನ ತಡ. ಉಳಿದ ಕೆಲಸಗಳಿಗೆ ಒಂದಿಷ್ಟು ಎಳೆದಾಡೋ ಜಾಗ ಇರುತ್ತೆ, ಅದಕ್ಕೆ ಫ್ಲೋಟ್ ಅಂತೀವಿ.

ಈಗ ನಿಮ್ಮ ಮನೆ ನೆನಪಿಸಿಕೊಳ್ಳಿ. ಟ್ರಿಪ್ ಅಂದ ತಕ್ಷಣ ಏನು ಶುರುವಾಗುತ್ತೆ? ಜಾಕೆಟ್ ಶಾಪಿಂಗ್. ವಾಟ್ಸಾಪ್ ಗ್ರೂಪ್‌ಗೆ ಹೆಸರು. ಚಟ್ನಿಪುಡಿ ಎಷ್ಟು ಕೆಜಿ ಅನ್ನೋ ಚರ್ಚೆ. ಇವೆಲ್ಲ ಫ್ಲೋಟ್ ಧಾರಾಳವಾಗಿರೋ ಕೆಲಸಗಳು, ಹೊರಡೋ ಹಿಂದಿನ ವಾರ ಮಾಡಿದ್ರೂ ನಡೆಯುತ್ತೆ. ಅಂದಹಾಗೆ, ಯುರೋಪಿಗೆ ಮನೆಯ ತುಪ್ಪದ ಡಬ್ಬಿ ತಗೊಂಡು ಹೋಗೋ ಹಾಗಿಲ್ಲ. ಹೊರಗಿಂದ ಬರೋ ಪ್ರಯಾಣಿಕರು ಹಾಲಿನ ಪದಾರ್ಥ ತರೋದು ಅಲ್ಲಿ ನಿಷಿದ್ಧ. ಇದನ್ನ ಅಮ್ಮನಿಗೆ ಹೇಳೋ ಕೆಲಸಕ್ಕೂ ಫ್ಲೋಟ್ ಇದೆ, ಹಾಗಾಗಿ ಮುಂದಕ್ಕೆ ಹಾಕಿದ್ದೀನಿ.

ನಮ್ಮ ಕ್ರಿಟಿಕಲ್ ಪಾತ್ ಶುರುವಾಗೋದು ಅಮ್ಮನ ಹೆಸರಿಂದ. ತಮಾಷೆ ಅಲ್ಲ. ಅಮ್ಮನಿಗೆ ಇದು ಮೊದಲ ಪಾಸ್‌ಪೋರ್ಟ್. ಆಧಾರ್‌ನಲ್ಲಿ ಹೆಸರಿನ ಕೊನೆಗೆ ‘ಅಮ್ಮ’ ಇದೆ, ಸ್ಕೂಲಿನ ಟಿ.ಸಿ.ಯಲ್ಲಿ ಇಲ್ಲ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ನನ್ನ ತಾತನದು. ನಮ್ಮ ಕಡೆ ಹೆಚ್ಚಿನ ಹಿರಿಯರದ್ದು ಇದೇ ಕಥೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಪೂರ್ತಿ ಬರೀಬೇಕು, ಗಿವನ್ ನೇಮ್ ಬೇರೆ, ಸರ್‌ನೇಮ್ ಬೇರೆ. ಸರ್‌ನೇಮ್ ಖಾಲಿ ಬಿಟ್ರೆ ಏನಾಗುತ್ತೆ ಅಂತ ಕೇಳಬಹುದು. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂಟಿ ಹೆಸರು ಇರೋ ಭಾರತೀಯರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂದುಬಿಟ್ಟಿತ್ತು. ಆಮೇಲೆ, ಕೊನೆ ಪುಟದಲ್ಲಿ ತಂದೆ ಹೆಸರೋ ಮನೆತನದ ಹೆಸರೋ ಇದ್ರೆ ಪರವಾಗಿಲ್ಲ ಅಂತ ಸಡಿಲಿಸಿದರು. ಆ ಕೆಲವು ದಿನ ಏರ್‌ಪೋರ್ಟ್‌ಗೆ ಹೊರಟಿದ್ದವರ ಪಾಡು ಊಹಿಸಿ. ಅದಕ್ಕೇ ಎರಡೂ ಕಾಲಂ ತುಂಬಿಸೋದು ವಾಸಿ ಅಂತ ನನ್ನ ಅಭಿಪ್ರಾಯ.

ಹಾಗಾದ್ರೆ ಸರಪಳಿ ಹೀಗೆ: ಮೊದಲು ಹೆಸರು ಸರಿಹೋಗಬೇಕು, ಆಮೇಲೆ ಪಾಸ್‌ಪೋರ್ಟ್ ಅರ್ಜಿ ಮತ್ತು ಪೊಲೀಸ್ ವೆರಿಫಿಕೇಶನ್, ಆಮೇಲೆ ವೀಸಾ ಅಪಾಯಿಂಟ್‌ಮೆಂಟ್, ಕೊನೆಗೆ ವೀಸಾ ತೀರ್ಮಾನ. ಮಗಳದ್ದು ಇನ್ನೊಂದು ಸರಪಳಿ. ಚಿಕ್ಕ ಮಕ್ಕಳ ಪಾಸ್‌ಪೋರ್ಟ್ ಹತ್ತು ವರ್ಷಕ್ಕಲ್ಲ, ಐದೇ ವರ್ಷಕ್ಕೆ. ನಮ್ಮದೆಲ್ಲ ಚಾಲ್ತಿಯಲ್ಲಿದೆ ಅಂತ ನಿಶ್ಚಿಂತೆಯಾಗಿರೋ ಅಪ್ಪ-ಅಮ್ಮಂದಿರು ಮಗುವಿನ ಪುಸ್ತಕ ತೆರೆದು ನೋಡಿ. ಷೆಂಗೆನ್ ವೀಸಾಗೆ ಬರೀ ಚಾಲ್ತಿಯಲ್ಲಿದ್ರೂ ಸಾಲದು. ಆ ದೇಶಗಳಿಂದ ಹೊರಡೋ ದಿನದ ನಂತರ ಇನ್ನೂ 3 ತಿಂಗಳು ಬಾಕಿ ಇರಬೇಕು, ಪಾಸ್‌ಪೋರ್ಟ್ ಹಿಂದಿನ 10 ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ಎರಡು ಪುಟ ಖಾಲಿ ಬೇಕು.

ಇನ್ನು ಎಷ್ಟು ದಿನ ಹಿಡಿಯುತ್ತೆ ಅನ್ನೋದು. ಇಲ್ಲಿ ಪರ್ಟ್ ಲೆಕ್ಕ ಉಪಯೋಗಕ್ಕೆ ಬರುತ್ತೆ. ಒಂದೇ ಅಂದಾಜು ಹಾಕಬೇಡಿ, ಮೂರು ಹಾಕಿ. ಎಲ್ಲ ಚೆನ್ನಾಗಿ ನಡೆದ್ರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಎಡವಟ್ಟಾದ್ರೆ ಎಷ್ಟು. ಸಾಮಾನ್ಯದ್ದನ್ನ 4ರಿಂದ ಗುಣಿಸಿ, ಉಳಿದೆರಡನ್ನ ಕೂಡಿಸಿ, 6ರಿಂದ ಭಾಗಿಸಿ. ಷೆಂಗೆನ್ ನಿಯಮದ ಪ್ರಕಾರ ತೀರ್ಮಾನಕ್ಕೆ 15 ದಿನ, ಕೆಲವು ಕೇಸ್‌ಗಳಲ್ಲಿ 45 ದಿನದವರೆಗೂ ಎಳೀಬಹುದು. ಅದೃಷ್ಟ ಚೆನ್ನಾಗಿದ್ರೆ ಒಂದು ವಾರ ಅಂತ ಇಟ್ಕೊಳ್ಳಿ. 7, 15, 45. ಲೆಕ್ಕ ಹಾಕಿದ್ರೆ ಸುಮಾರು 19 ದಿನ ಬರುತ್ತೆ. ‘ಹದಿನೈದು ದಿನದಲ್ಲಿ ಆಗುತ್ತೆ’ ಅನ್ನೋ ಮಾತಿಗೂ ಇದಕ್ಕೂ ನಾಲ್ಕು ದಿನ ವ್ಯತ್ಯಾಸ, ಅಷ್ಟೇನಾ? ಅಷ್ಟೇ ಅಲ್ಲ. ಇಲ್ಲಿಂದ ಮುಂದೆ ಸ್ವಲ್ಪ ಗಮನ ಇಟ್ಟು ಕೇಳಿ.

ಒಬ್ಬರೇ ಹೋಗೋ ಟ್ರಿಪ್‌ಗೂ ಫ್ಯಾಮಿಲಿ ಟ್ರಿಪ್‌ಗೂ ಇರೋ ದೊಡ್ಡ ವ್ಯತ್ಯಾಸ ಖರ್ಚು ಅಲ್ಲ. ಐದೂ ಪಾಸ್‌ಪೋರ್ಟ್ ವಾಪಸ್ ಬರೋವರೆಗೆ ಯಾರೂ ಹೊರಡೋ ಹಾಗಿಲ್ಲ, ಅದು. ಉದಾಹರಣೆಗೆ ಒಬ್ಬೊಬ್ಬರ ಪೇಪರ್ ಸಮಯಕ್ಕೆ ಸರಿಯಾಗಿ ಮುಗಿಯೋ ಸಾಧ್ಯತೆ ನೂರಕ್ಕೆ 80 ಅಂತ ಇಟ್ಕೊಳ್ಳಿ. ಚೆನ್ನಾಗೇ ಇದೆ ಅನ್ನಿಸುತ್ತೆ ಅಲ್ವಾ? ಒಬ್ಬರದ್ದಕ್ಕೂ ಇನ್ನೊಬ್ಬರದ್ದಕ್ಕೂ ಸಂಬಂಧ ಇಲ್ಲದಿದ್ರೆ ಐವರದ್ದೂ ಸರಿಯಾಗಿ ಮುಗಿಯೋ ಸಾಧ್ಯತೆ 0.8ನ್ನ ಐದು ಸಲ ಗುಣಿಸಿದಷ್ಟು. ಮೊಬೈಲ್‌ನಲ್ಲಿ ಕ್ಯಾಲ್ಕುಲೇಟರ್ ತೆಗೆದು ನೋಡಿ, ನೂರಕ್ಕೆ 33. ಪ್ರತಿಯೊಬ್ಬರ ಪ್ಲಾನೂ ಚೆನ್ನಾಗಿದ್ರೂ ಒಟ್ಟು ಪ್ಲಾನ್ ಮೂರರಲ್ಲಿ ಎರಡು ಸಲ ತಡ ಆಗುತ್ತೆ.

ಇದನ್ನ ಅಪ್ಪನಿಗೆ ಹೇಳಿದ್ರೆ ಅವರು ನಕ್ಕುಬಿಟ್ರು. “ಇದನ್ನ ಕಂಪ್ಯೂಟರ್‌ನಲ್ಲಿ ಕಂಡುಹಿಡಿದ್ರಾ? ಜಂಕ್ಷನ್‌ನಲ್ಲಿ ಕೆಲಸ ಮಾಡಿದ್ದವನಿಗೆ ಗೊತ್ತಿಲ್ವೇನೋ! ಹಾಸನದ ಗಾಡಿ ಟೈಮಿಗೆ ಬಂದ್ರೇನು, ಹುಬ್ಬಳ್ಳಿ ಕಡೆದು ಲೇಟಾದ್ರೆ ಕನೆಕ್ಷನ್ ನಿಂತೇ ಇರುತ್ತೆ.” ಸರಿಯಾದ ಮಾತು. ದಾರಿಗಳು ಸೇರೋ ಜಾಗದಲ್ಲಿ ಎಲ್ಲಕ್ಕಿಂತ ತಡವಾಗಿ ಬಂದ ಗಾಡಿಯೇ ಟೈಮ್ ಟೇಬಲ್ ಬರೆಯೋದು. ಶೆಡ್ಯೂಲಿಂಗ್ ಪುಸ್ತಕಗಳಲ್ಲಿ ಪರ್ಟ್ ಮೇಲಿರೋ ಹಳೆಯ ಆಕ್ಷೇಪವೂ ಇದೇ. ಅದು ಒಂದೇ ಹಾದಿಯ ಸರಾಸರಿ ನೋಡುತ್ತೆ, ಹಾದಿಗಳು ಕೂಡೋ ಜಾಗದ ಅಪಾಯವನ್ನ ಕಮ್ಮಿ ಅಂದಾಜು ಮಾಡುತ್ತೆ.

ಹಾಗಾಗಿ ನಾನು ಹೆಚ್ಚುವರಿ ದಿನಗಳನ್ನ ಪ್ರತಿ ಕೆಲಸಕ್ಕೂ ಎರಡೆರಡು ಅಂತ ಹಂಚಿಲ್ಲ. ಎಲ್ಲ ಸೇರಿಸಿ ಜಂಕ್ಷನ್‌ನಲ್ಲಿ, ಅಂದ್ರೆ ವೀಸಾ ಮತ್ತು ಹೊರಡೋ ದಿನದ ಮಧ್ಯೆ ಇಟ್ಟೆ. ಹೊರಡೋದು ಮೇ 4 ಅಂತ ಹಿಡಿದು ಹಿಂದಕ್ಕೆ ಎಣಿಸೋಣ. ವೀಸಾಗೆ 45 ದಿನವೇ ಹಿಡಿದ್ರೂ ಹತ್ತು ದಿನ ಕೈಯಲ್ಲಿರಬೇಕು ಅಂದ್ರೆ, ಮಾರ್ಚ್ 10ಕ್ಕೆ ಐವರೂ ಅರ್ಜಿ ಕೊಟ್ಟಿರಬೇಕು. ಬೇಸಿಗೆ ರಜೆಗೆ ಎಲ್ಲರೂ ಒಟ್ಟಿಗೆ ಮುಗಿಬೀಳೋದ್ರಿಂದ ಅಪಾಯಿಂಟ್‌ಮೆಂಟ್‌ಗೆ ನಾಲ್ಕು ವಾರ ಇಟ್ಟೆ, ಫೆಬ್ರವರಿ 10. ಆ ಹೊತ್ತಿಗೆ ಅಮ್ಮನ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಅದಕ್ಕೆ ಎಡವಟ್ಟಿನ ಅಂದಾಜು ಎಂಟು ವಾರ, ಡಿಸೆಂಬರ್ 16. ಹೆಸರು ತಿದ್ದುಪಡಿಗೆ ನಾಲ್ಕು ವಾರ, ನವೆಂಬರ್ 18. ದೀಪಾವಳಿ ಪಟಾಕಿ ಕಸ ಗುಡಿಸಿದ ಮೇಲೆ ಮೊದಲ ಕೆಲಸ ಇದು.

ತೀರಾ ಬೇಗ ಅಲ್ವಾ ಅಂತ ಹೆಂಡತಿ ಕೇಳಿದ್ಲು. ಷೆಂಗೆನ್ ಅರ್ಜಿಯನ್ನ ಪ್ರವಾಸಕ್ಕೆ 6 ತಿಂಗಳು ಮುಂಚಿನಿಂದ ಕೊಡಬಹುದು, ಕೊನೇ ಗಡುವು 15 ದಿನ ಮುಂಚೆ. ನಮ್ಮ ಮಾರ್ಚ್ 10 ಅದರ ನಡುವೆ ಎಲ್ಲೋ ಇದೆ, ವಿಪರೀತ ಬೇಗ ಏನಲ್ಲ. ನನ್ನ ನಿಯಮ ಇಷ್ಟೇ. ನಮ್ಮ ಕೈಯಲ್ಲಿಲ್ಲದ ಕೆಲಸಕ್ಕೆ ಕೆಟ್ಟ ಅಂದಾಜು, ನಮ್ಮ ಕೈಯಲ್ಲಿರೋದಕ್ಕೆ ಸಾಮಾನ್ಯ ಅಂದಾಜು. ಎಲ್ಲಕ್ಕೂ ಕೆಟ್ಟದ್ದೇ ಹಾಕ್ತಾ ಹೋದ್ರೆ ಯಾರೂ ಹೊಸಲು ದಾಟಲ್ಲ.

ಶೆಡ್ಯೂಲ್‌ನಲ್ಲಿ ತಡ ಆದಾಗ ಎರಡು ಉಪಾಯ ಇವೆ. ಒಂದು ಕ್ರ್ಯಾಶಿಂಗ್, ದುಡ್ಡು ಸುರಿದು ಬೇಗ ಮಾಡಿಸೋದು. ತತ್ಕಾಲ್ ಪಾಸ್‌ಪೋರ್ಟ್ ಅಂದ್ರೆ ಅದೇ. ಇನ್ನೊಂದು ಫಾಸ್ಟ್ ಟ್ರ್ಯಾಕಿಂಗ್, ಒಂದಾದ ಮೇಲೆ ಒಂದು ಮಾಡಬೇಕಾದ್ದನ್ನ ಒಟ್ಟೊಟ್ಟಿಗೆ ಮಾಡೋದು. ಆದ್ರೆ ಕೆಲವನ್ನ ಎಷ್ಟು ದುಡ್ಡು ಕೊಟ್ರೂ ಓಡಿಸೋಕಾಗಲ್ಲ. ಸೈಟಲ್ಲಿ ಕಾಂಕ್ರೀಟ್ ಬಲ ನೋಡೋಕೆ 28 ದಿನ ಕಾಯ್ತೀವಿ. ಇಲ್ಲಿ ಕಾಂಕ್ರೀಟ್ ಅಂದ್ರೆ ಬ್ಯಾಂಕ್ ಸ್ಟೇಟ್‌ಮೆಂಟ್. ಹಿಂದಿನ ಕೆಲವು ತಿಂಗಳ ವಹಿವಾಟು ತೋರಿಸಬೇಕು. ಅರ್ಜಿ ಹಾಕೋ ಹಿಂದಿನ ವಾರ ಭಾವನ ಹತ್ರ ಕೇಳಿ ಐದು ಲಕ್ಷ ಹಾಕಿಸಿಕೊಂಡ್ರೆ ಅದು ಹಸಿ ಕಾಂಕ್ರೀಟ್, ಒತ್ತಿದ್ರೆ ಗುರುತು ಬೀಳುತ್ತೆ.

ಟಿಕೆಟ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಆಫರ್ ಬಂದಿದೆ, ಮೊದಲು ಟಿಕೆಟ್ ಬುಕ್ ಮಾಡಿ ಆಮೇಲೆ ಉಳಿದದ್ದು ನೋಡೋಣ ಅಂತ ನಮ್ಮನೆಲೂ ಒತ್ತಾಯ ಇತ್ತು. ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರದ ಟಿಕೆಟ್ ತಗೊಳ್ಳೋದು ಅಂದ್ರೆ, ಸರಪಳಿಯ ಕೊನೇ ಕೊಂಡಿಯನ್ನ ಮೊದಲೇ ಗೋಡೆಗೆ ಮೊಳೆ ಹೊಡೆದ ಹಾಗೆ. ಅದರ ಹಿಂದಿರೋ ಫ್ಲೋಟ್ ಎಲ್ಲ ಸಾಲ ಆಗುತ್ತೆ. ಅರ್ಜಿಗೆ ಹೋಗಿ ಬರೋ ರಿಸರ್ವೇಶನ್ ಇದ್ರೆ ಸಾಕು, ಹೋಟೆಲ್ ಕೂಡ ಕ್ಯಾನ್ಸಲ್ ಮಾಡಬಹುದಾದ್ದನ್ನೇ ತಗೊಳ್ಳಿ. ಸ್ವಲ್ಪ ಜಾಸ್ತಿ ದುಡ್ಡು ಹೋಗುತ್ತೆ, ಹೋಗ್ಲಿ. ವೀಸಾ ಫೀಸ್ ಮಾತ್ರ ಹೇಗೂ ವಾಪಸ್ ಬರಲ್ಲ. ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ತಿರಸ್ಕಾರ ಆದ್ರೂ ಹೋಯ್ತು. ವೈದ್ಯಕೀಯ ಖರ್ಚಿಗೆ ಕನಿಷ್ಠ 30,000 ಯೂರೋ ಕವರ್ ಇರೋ ಇನ್ಶೂರೆನ್ಸ್ ಕಡ್ಡಾಯ. ಆದ್ರೆ ಅಪ್ಪನ ವಯಸ್ಸಿನವರಿಗೆ ಅದಕ್ಕೂ ಮೊದಲು ಡಾಕ್ಟರ್ ಹತ್ರ ಎತ್ತರದ ಬಗ್ಗೆ ಕೇಳೋ ಕೆಲಸ ಸರಪಳಿಗೆ ಸೇರಿಸಿದ್ದೀನಿ. ಅವರು ಬೇಡ ಅಂದ್ರೆ ಬೆಟ್ಟದ ರೈಲಿನ ಟಿಕೆಟ್ಟೇ ಬೇಡವಲ್ಲ.

ಕಾಗದದಲ್ಲಿ ಕಾಣದ ಇನ್ನೊಂದು ತೊಡಕು ಇದೆ. ಅಪ್ಪ, ಅಮ್ಮ, ಮಗಳು, ಎಲ್ಲರ ಒಟಿಪಿ ಬರೋದು ನನ್ನ ಒಂದೇ ಫೋನ್‌ಗೆ. ನಾನು ಸೈಟಲ್ಲಿ ನೆಲಮಹಡಿಗೆ ಇಳಿದ್ರೆ ಸಿಗ್ನಲ್ ಇಲ್ಲ, ಮೂರು ಜನರ ಕೆಲಸ ನಿಲ್ಲುತ್ತೆ. 1997ರಲ್ಲಿ ಎಲಿಯಾಹು ಗೋಲ್ಡ್‌ರಾಟ್ ‘ಕ್ರಿಟಿಕಲ್ ಚೈನ್’ ಅನ್ನೋ ಪುಸ್ತಕದಲ್ಲಿ ಹೇಳಿದ್ದು ಇಂಥದ್ದನ್ನೇ. ಕೆಲಸಗಳ ಕ್ರಮ ಮಾತ್ರ ನೋಡಬೇಡಿ, ಅದನ್ನ ಮಾಡೋ ಮನುಷ್ಯ ಎಷ್ಟು ಕಡೆ ಇರಬಲ್ಲ ಅನ್ನೋದನ್ನೂ ನೋಡಿ. ಅಮ್ಮನ ಆಧಾರ್‌ಗೆ ಅಮ್ಮನ ನಂಬರನ್ನೇ ಜೋಡಿಸೋದು ನಮ್ಮ ಪಟ್ಟಿಯಲ್ಲಿ ಈಗ ಒಂದು ಪ್ರತ್ಯೇಕ ಕೆಲಸ.

ಕೊನೆಗೆ, ಮಾತಾಡೋಕೆ ಮನೇಲಿ ಯಾರಿಗೂ ಇಷ್ಟ ಇಲ್ಲದ ಪ್ರಶ್ನೆ. ನಾಲ್ಕು ಜನಕ್ಕೆ ವೀಸಾ ಬಂದು ಒಬ್ಬರಿಗೆ ಬರದಿದ್ರೆ? ಏಪ್ರಿಲ್ 24ರ ರಾತ್ರಿ ಕೂತು ಜಗಳ ಆಡೋ ಬದಲು ಇದನ್ನ ಈಗಲೇ ತೀರ್ಮಾನ ಮಾಡಿದ್ವಿ. ಒಬ್ಬರಿಗೆ ಸಿಗದಿದ್ರೂ ಯಾರೂ ಹೋಗಲ್ಲ, ಅದೇ ರಜೆಯಲ್ಲಿ ನೇಪಾಳಕ್ಕೆ ಹೋಗೋದು. ನಮಗೆ ಅಲ್ಲಿಗೆ ವೀಸಾ ಬೇಕಿಲ್ಲ. ಅಪ್ಪನಿಗೆ ರೈಲು ತಪ್ಪುತ್ತೆ, ಮುಖ ಸಣ್ಣಗಾಯ್ತು, ಆದ್ರೂ ಒಪ್ಪಿದ್ರು. ಅಮ್ಮ ಮಾತ್ರ ಪಶುಪತಿನಾಥ ದೇವಸ್ಥಾನದ ಮುಖ್ಯ ಅರ್ಚಕರು ಪರಂಪರೆಯಿಂದ ನಮ್ಮ ಕರ್ನಾಟಕದವರೇ ಅಂತ ಕೇಳಿದ ಮೇಲೆ, ಸ್ವಿಟ್ಜರ್ಲೆಂಡ್‌ದು ತಿರಸ್ಕಾರ ಆದ್ರೂ ಪರವಾಗಿಲ್ಲ ಅನ್ನೋ ಥರ ಕೂತಿದ್ದಾರೆ. ಟಿ.ಸಿ. ಮಾತ್ರ ಟ್ರಂಕ್‌ನಿಂದ ತೆಗೆದು ಮೇಜಿನ ಮೇಲಿಟ್ಟಿದ್ದಾರೆ.