ವಿಡಿಯೋ ಗೇಮ್ ಆಡಿದರೆ ಫಿಟ್ಸ್ ಬರುತ್ತದೆಯೇ?

ಪ್ರಶ್ನೆ: ವಿಡಿಯೋ ಗೇಮ್‌ನಿಂದ ಮೂರ್ಛೆರೋಗ ಬರುತ್ತದೆಯೇ? ಆಡುವಾಗ ತಲೆ ಸುತ್ತುವುದು ಅದರ ಮುನ್ಸೂಚನೆಯೇ?

ಉತ್ತರ: ಆಟ ಮೂರ್ಛೆರೋಗವನ್ನು ಹುಟ್ಟಿಸುವುದಿಲ್ಲ, ಮಿನುಗುವ ಬೆಳಕಿಗೆ ಕೆರಳುವ ಮಿದುಳಿನವರಲ್ಲಿ ಫಿಟ್ಸ್ ಬರಿಸಬಲ್ಲದು, ಅಷ್ಟೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಕಂತೊಂದರಲ್ಲಿ ಕೆಂಪು, ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಬಾರಿ ಮಿನುಗಿದಾಗ 600ಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದರು. ‘ಹಾಗಾದರೆ ಪರದೆಯೇ ಕಾರಣವಲ್ಲವೇ?’ ಎಂದು ಕೇಳಬಹುದು. ಆದರೆ ಅದೇ ಕಂತನ್ನು ನೋಡಿದ ಲಕ್ಷಾಂತರ ಮಕ್ಕಳಿಗೆ ಏನೂ ಆಗಲಿಲ್ಲ. ಮೂರ್ಛೆರೋಗವಿರುವವರಲ್ಲೂ ಬೆಳಕಿನಿಂದ ಫಿಟ್ಸ್ ಬರುವವರು ನೂರಕ್ಕೆ ಸುಮಾರು 3 ಮಂದಿ ಮಾತ್ರ. ನಿದ್ದೆಗೆಟ್ಟು ಆಡಿದರೆ ಅಂಥವರಿಗೆ ಅಪಾಯ ಹೆಚ್ಚು.

ತಲೆಸುತ್ತಿನ ಕಾರಣವೇ ಬೇರೆ. ಪರದೆಯ ಮೇಲಿನ ಓಟವನ್ನು ಕಂಡು ಕಣ್ಣು ‘ಚಲಿಸುತ್ತಿದ್ದೇವೆ’ ಎನ್ನುತ್ತದೆ. ಒಳಕಿವಿ ‘ಕುಳಿತೇ ಇದ್ದೇವೆ’ ಎನ್ನುತ್ತದೆ. ಎರಡೂ ತಾಳೆಯಾಗದಾಗ ತಲೆಸುತ್ತು, ವಾಕರಿಕೆ ಬರುತ್ತವೆ. ಆಟ ನಿಲ್ಲಿಸಿದರೆ ಸಾಮಾನ್ಯವಾಗಿ ಇಳಿಯುತ್ತವೆ. ಹಾಗೆಂದು ಎಲ್ಲವನ್ನೂ ಕಡೆಗಣಿಸುವಂತಿಲ್ಲ: ಎಚ್ಚರ ತಪ್ಪಿದರೆ, ಕೈಕಾಲು ಅದುರಿದರೆ ನರರೋಗ ತಜ್ಞರಿಗೆ ತೋರಿಸಿ. ಫಿಟ್ಸ್ ಬಂದವರ ಕೈಗೆ ಬೀಗದ ಕೈ, ಕಬ್ಬಿಣ ಕೊಡಬೇಡಿ, ಮಗ್ಗುಲಾಗಿ ಮಲಗಿಸಿ. 5 ನಿಮಿಷ ಮೀರಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.